ಗೆಳೆಯನಿಗೊಂದು ಪತ್ರ: ಬೆಕ್ಕು ಮಾಡಿದ ಕಳ್ಳತನ

ಲೋ ಮಾರಾಯ,

ನಿನ್ನ ಮೆಸೇಜು ನೋಡಿದೆ. 'ಬೆಕ್ಕಿನ ಕೈಲಿ ಕಳ್ಳತನ ಮಾಡಿಸೋದು ಗೂಢಚಾರಿಕೆಯಾ, ಸರ್ಕಸ್ಸಾ?' ಅಂತ ಕೇಳಿದ್ದೀಯ. ವಾಟ್ಸಾಪಿನಲ್ಲಿ ಉತ್ತರ ಕೊಟ್ಟರೆ ನೀನು ಹೆಬ್ಬೆರಳು ತೋರಿಸಿ ಜಾರಿಕೊಳ್ಳುತ್ತೀಯ. ಅದಕ್ಕೇ ಇಲ್ಲಿ, ನಾಲ್ಕು ಜನರ ಮುಂದೆ ಬರೆಯುತ್ತಿದ್ದೇನೆ. ಸಾಕ್ಷಿ ಇರಲಿ. ಸಾಕ್ಷಿ ಇಲ್ಲದೆ ಛತ್ರಿ ಕೇಸಿನಲ್ಲಿ ನನ್ನ ಗತಿ ಏನಾಯಿತು ಅಂತ ನಿನಗೆ ಗೊತ್ತು.

ಉಳಿದವರಿಗೆ ಎರಡು ಮಾತು. ನಮ್ಮ ಜಗಳ 'ಮಿಷನ್: ಇಂಪಾಸಿಬಲ್' ಬಗ್ಗೆ. ಟಾಮ್ ಕ್ರೂಸ್ ವಿಮಾನಕ್ಕೆ ಜೋತು ಬೀಳುವ ಸಿನಿಮಾ ಅಲ್ಲ. 1966ರಿಂದ 1973ರವರೆಗೆ ಅಮೆರಿಕದ ಸಿಬಿಎಸ್ ಚಾನೆಲ್ಲಿನಲ್ಲಿ ಬಂದ ಗೂಢಚಾರರ ಸೀರಿಯಲ್ಲು. ಎಪಿಸೋಡಿನ ಹೆಸರು 'ದಿ ಸೀಲ್'. 1967ರದ್ದು. ಕುವಾಲಾ ರೋಕಾಟ್ ಅಂತ ಒಂದು ಪುಟ್ಟ ದೇಶ, ಯಾವ ನಕಾಶೆಯಲ್ಲೂ ಸಿಗಲ್ಲ. ಅಲ್ಲಿನವರ ಪುರಾತನ ಜೇಡ್ ಕಲ್ಲಿನ ಮುದ್ರೆ ಟ್ಯಾಗರ್ಟ್ ಅನ್ನುವ ಅಮೆರಿಕನ್ ಉದ್ಯಮಿಯ ಕೈ ಸೇರಿದೆ. ಆಸಾಮಿ ವಾಪಸ್ ಕೊಡಲು ಒಲ್ಲ. ಮುದ್ರೆ ಇಟ್ಟ ಕೋಣೆಯ ನೆಲಕ್ಕೆ ಏನು ತಾಗಿದರೂ ಅಲಾರಂ ಹೊಡೆದುಕೊಳ್ಳುತ್ತದೆ. ಮನುಷ್ಯರು ಕಾಲಿಡುವ ಹಾಗಿಲ್ಲ. ಆಗ ಲೀಡರ್ ಜಿಮ್ ಫೆಲ್ಪ್ಸ್‌ನ ಗೂಢಚಾರ ತಂಡದವರು ರಸ್ಟಿ ಅನ್ನುವ ಬೆಕ್ಕನ್ನು ಕರೆದುಕೊಂಡು ಹೋಗುತ್ತಾರೆ.

ಈಗ ನಿನ್ನ ತಕರಾರು. ಬೆಕ್ಕು ಹೇಳಿದ ಮಾತು ಕೇಳುತ್ತಾ ಅಂತ ತಾನೇ? ನನ್ನ ಮಗಳದ್ದೂ ಅದೇ ಪ್ರಶ್ನೆ. 'ನಮ್ಮ ಬೆಕ್ಕಾಗಿದ್ರೆ ಅರ್ಧ ದಾರಿಲಿ ಕೂತು ಕಾಲು ನೆಕ್ಕೋದು' ಅಂದಳು. ಆದರೆ ಮುದ್ರೆಯ ಕಡೆಗೆ, ನೆಲಕ್ಕೆ ತಾಗದ ಹಾಗೆ ಚಾಚಿದ ಕಿರಿದಾದ ಹಲಗೆಯ ಮೇಲೆ ರಸ್ಟಿ ಹೆಜ್ಜೆ ಇಡಲು ಶುರು ಮಾಡಿದಾಗ ಅವಳೇ ಚಿಪ್ಸ್ ಪೊಟ್ಟಣ ಕೆಳಗಿಟ್ಟಳು, ಸದ್ದಾಗುತ್ತೆ ಅಂತ! ಬೆಕ್ಕಿಗೆ ದೇಶವೂ ಗೊತ್ತಿಲ್ಲ, ಮುದ್ರೆಯೂ ಗೊತ್ತಿಲ್ಲ. ಇಡೀ ಎಪಿಸೋಡಿನಲ್ಲಿ ನಾಟಕ ಆಡದ ಪ್ರಾಣಿ ಅದೊಂದೇ. ಅದು ಯಾವಾಗ ಕೈ ಕೊಡುತ್ತೋ ಅಂತ ನಮ್ಮ ಎದೆ ಹೊಡೆದುಕೊಳ್ಳುತ್ತದೆ. ಈ ಸೀರಿಯಲ್ ಹುಟ್ಟುಹಾಕಿದ ಬ್ರೂಸ್ ಗೆಲರ್‌ಗೆ 1964ರ 'ಟಾಪ್‌ಕಪಿ' ಸಿನಿಮಾ ಸ್ಫೂರ್ತಿ ಅನ್ನುತ್ತಾರೆ. ಅಲ್ಲೂ ನೆಲ ಮುಟ್ಟುವಂತಿಲ್ಲ, ಕಳ್ಳನನ್ನು ಹಗ್ಗ ಕಟ್ಟಿ ಮೇಲಿಂದ ಇಳಿಸುತ್ತಾರೆ. 1996ರಲ್ಲಿ ಟಾಮ್ ಕ್ರೂಸ್ ನೇತಾಡಿದ್ದೂ ಹೆಚ್ಚು ಕಡಿಮೆ ಅದೇ ಹಗ್ಗಕ್ಕೆ. ನನ್ನ ಓಟು ಬೆಕ್ಕಿಗೆ.

ನಿನ್ನ ಎರಡನೇ ತಕರಾರಿಗೆ ಸ್ವಲ್ಪ ತೂಕ ಇದೆ. ಈ ಪಾತ್ರಗಳಿಗೆ ಮನೆ ಮಠ ಇಲ್ಲ, ಹೆಂಡತಿ ಮಕ್ಕಳಿಲ್ಲ, ಮರದ ಬೊಂಬೆಗಳು ಅನ್ನುತ್ತೀಯ. ಹೌದು, ಗೆಲರ್‌ಗೆ ಬೇಕಾಗಿದ್ದೂ ಅದೇ. ತಂಡದಲ್ಲಿ ಬಾರ್ನಿ ತಂತಿ ಜೋಡಿಸುತ್ತಾನೆ, ವಿಲ್ಲಿ ಭಾರ ಹೊರುತ್ತಾನೆ, ಸಿನಮನ್ ಟೀವಿ ವರದಿಗಾರ್ತಿಯಾಗಿ ಒಳಗೆ ಹೋಗುತ್ತಾಳೆ. ನಿಮಿಷಗಟ್ಟಲೆ ಮಾತೇ ಇಲ್ಲ. ಬರೀ ಕೈ, ಸ್ಕ್ರೂ, ಬೆವರು. ಸಿಕ್ಕಿಬಿದ್ದರೆ ನಿಮ್ಮ ಪರಿಚಯವೇ ಇಲ್ಲ ಅನ್ನುತ್ತೇವೆ ಅಂತ ಕೆಲಸ ಒಪ್ಪಿಸುವ ಟೇಪಿನಲ್ಲಿ ಮೊದಲೇ ಹೇಳಿಬಿಡುತ್ತಾರೆ. ಅದಕ್ಕೂ ಯಾರದ್ದೂ ತಕರಾರಿಲ್ಲ. ಕೆಲಸ ಮುಗಿಯಿತಾ, ಗಾಡಿ ಹತ್ತಿ ಹೊರಟುಬಿಡುತ್ತಾರೆ. ಒಬ್ಬರಾದರೂ 'ಉಸ್ಸಪ್ಪಾ' ಅನ್ನಬೇಕಲ್ಲ? ಊಹೂಂ.

ಇದೇ ಇದರ ಚೆಂದ ಅಂತ ನಿನ್ನ ಜೊತೆ ವಾದ ಮಾಡಲು ಕೂತವನಿಗೆ, ಅದು ಯಾಕೆ ನನಗೆ ಅಷ್ಟು ಇಷ್ಟ ಅನ್ನುವುದು ಹೊಳೆದುಬಿಟ್ಟಿತು. ಹೊಳೆಯಬಾರದಿತ್ತು.

ಏಪ್ರಿಲ್‌ನಲ್ಲಿ ನನ್ನ ಕುತ್ತಿಗೆಯಲ್ಲಿ ಒಂದು ಗಂಟು ಕಾಣಿಸಿಕೊಂಡಿತ್ತು. ಡಾಕ್ಟರು ಮುಟ್ಟಿ ನೋಡಿ, ಬಯಾಪ್ಸಿ ಮಾಡಿಸಿ ಅಂದರು. ಮನೆಯಲ್ಲಿ 'ಆಡಿಟ್ ಇದೆ' ಅಂದೆ. ಆಫೀಸಿನಲ್ಲಿ 'ಮನೆ ಪೇಂಟಿಂಗು' ಅಂದೆ. ಪಟ್ಟಿ ಕಾಣಬಾರದು ಅಂತ ಮಫ್ಲರ್ ಸುತ್ತಿಕೊಂಡು, ಗಂಟಲು ಕೆರೆತ ಅಂತ ಎರಡು ಸಲ ಕೆಮ್ಮಿ ತೋರಿಸಿದೆ. ಚೀಟಿಗಳನ್ನೆಲ್ಲ ಎಲ್‌ಐಸಿ ಫೈಲಿನೊಳಗೆ ಇಟ್ಟೆ. ಇಡುವಾಗ ನಾಮಿನಿ ಹೆಸರು ಸರಿಯಿದೆಯಾ ಅಂತಲೂ ನೋಡಿದೆ. ಸರಿಯಾಗಿತ್ತು.

ಟೋಕನ್ ಹಿಡಿದುಕೊಂಡು ಕೂತಿದ್ದಾಗ ನಿನ್ನ ಫೋನು ಬಂತು, ನೆನಪಿದೆಯಾ? ಊರಿಂದ ಬಂದ ಅಪ್ಪೆಮಿಡಿ ಉಪ್ಪಿನಕಾಯಿ ಯಾರ ಪಾಲು ಅಂತ ನೀನು ಜಗಳ ತೆಗೆದಿದ್ದೆ. ಎದುರುಗಡೆ ಒಬ್ಬ ಅಜ್ಜ ತನ್ನ ಚೀಟಿಯನ್ನು ಮಡಚಿ, ಬಿಚ್ಚಿ, ಮತ್ತೆ ಮಡಚುತ್ತಿದ್ದರು. ನಾನು ಅವರ ಬೆರಳನ್ನೇ ನೋಡುತ್ತಾ ನಿನಗೆ ಬೈದೆ, ನಗಾಡಿದೆ. ಎರಡು ಭರಣಿಯಲ್ಲಿ ಒಂದನ್ನು ಬಿಟ್ಟೂ ಕೊಟ್ಟೆ. ಅಷ್ಟು ಸಲೀಸಾಗಿ ಬಿಟ್ಟುಕೊಟ್ಟಾಗಲಾದರೂ ನಿನಗೆ ಅನುಮಾನ ಬರಬೇಕಿತ್ತು ಕಣೋ. ಫೋನಿಟ್ಟ ಮೇಲೆ ನನಗೆ ಮೊದಲು ಬಂದದ್ದು ಭಯ ಅಲ್ಲ. ಹೆಮ್ಮೆ. ಇವನಿಗೂ ಗೊತ್ತಾಗಲಿಲ್ಲ ನೋಡು ಅಂತ.

ರಿಪೋರ್ಟಿನಲ್ಲಿ ಏನೂ ಇರಲಿಲ್ಲ. ಗಾಬರಿಯಾಗಬೇಡ, ನಿಜವಾಗಲೂ ಏನೂ ಇಲ್ಲ. ಕಷ್ಟ ಆದದ್ದು ಆಮೇಲೆ. 'ಏನೂ ಇಲ್ಲವಂತೆ ಕಣೋ' ಅಂತ ಯಾರಿಗೆ ಹೇಳಲಿ? ಯಾರಿಗೂ ಭಯವೇ ಆಗಿರಲಿಲ್ಲ, ಇನ್ನು ಸಮಾಧಾನ ಹಂಚುವುದು ಹೇಗೆ? ಆಸ್ಪತ್ರೆ ಪಕ್ಕದ ದರ್ಶಿನಿಯಲ್ಲಿ ನಿಂತು ಒಂದು ಮಸಾಲೆ ದೋಸೆ ತಿಂದೆ. ಕಾಫಿಯನ್ನು ಬೈಟೂ ಹೇಳಿಬಿಟ್ಟೆ, ಅಭ್ಯಾಸಬಲ. ಹುಡುಗ ಎರಡು ಲೋಟ ತಂದಿಟ್ಟ. ಎರಡನ್ನೂ ನಾನೇ ಕುಡಿದೆ.

ಸಾಕು. ಬೆಕ್ಕಿನ ವಿಷಯಕ್ಕೆ ಬಂದವನು ಎಲ್ಲಿಗೋ ಹೋದೆ. ಓದುತ್ತಿರುವ ಉಳಿದವರು ದಯವಿಟ್ಟು 'ಟೇಕ್ ಕೇರ್' ಅಂತ ಬರೆಯಬೇಡಿ, ಹೂವಿನ ಚಿತ್ರವಂತೂ ಬೇಡವೇ ಬೇಡ.

ಮನೆಯವಳಿಗೆ ನಿನ್ನೆ ರಾತ್ರಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, 'ಏಪ್ರಿಲ್ ಸೆಖೆಯಲ್ಲಿ ಮಫ್ಲರ್ ಹಾಕೋ ಗೂಢಚಾರನ್ನ ನಾನು ನೋಡಿಲ್ಲಪ್ಪ' ಅಂದಳು. ಅದೇ ಕೊನೆ. ಗೆಲರ್ ಕಂಡರೆ ಮೆಚ್ಚುವಂಥ ಮಾತಿಲ್ಲದ ದೃಶ್ಯ ಈಗ ನಮ್ಮ ಮನೆಯಲ್ಲಿ ಬೆಳಗಿನಿಂದ ನಡೆಯುತ್ತಿದೆ. ಬರೀ ಪಾತ್ರೆ ಸದ್ದು.

ನೀನು 1966ರ ಮೊದಲ ಎಪಿಸೋಡು ನೋಡು. ಹೋಟೆಲಿನ ತಿಜೋರಿಯಿಂದ ಎರಡು ಅಣು ಸಿಡಿತಲೆ ಕದಿಯುವ ಕಥೆ. ಬೀಗ ತೆಗೆಯುವ ನಿಪುಣನ ಬೆರಳುಗಳೇ ಮುರಿದುಹೋಗುತ್ತವೆ. ಫೆಲ್ಪ್ಸ್‌ಗಿಂತ ಮೊದಲಿದ್ದ ಲೀಡರ್ ಬ್ರಿಗ್ಸ್ ತಾನೇ ಒಳಗೆ ಹೋಗಬೇಕಾಗುತ್ತದೆ. ಬೆಕ್ಕಿಲ್ಲ, ನಿನಗೆ ಹಿಡಿಸಬಹುದು. ನೋಡಿ ಹೇಳು. ಫೋನ್ ಮಾಡೋದಾದ್ರೆ ಒಂಬತ್ತರ ಮೇಲೆ ಮಾಡು. ಅಷ್ಟೊತ್ತಿಗೆ ಊಟ ಆಗಿರುತ್ತೆ, ಬಡಿಸಿದರೆ.

ಇಂತಿ,
ಒಂದೇ ಭರಣಿ ಉಪ್ಪಿನಕಾಯಿಯವನು