ಗೆಳೆಯನಿಗೊಂದು ಪತ್ರ: ಸಿಂಕ್ಲೇರ್ ಬಾಲ್ ಕೊಟ್ಟಿದ್ದು

ಲೋ ಗೆಳೆಯಾ,

ನಿನ್ನ ಮೆಸೇಜ್ ಓದ್ದೆ. ಕೆನಡಾದ ಫುಟ್ಬಾಲ್ ಆಟಗಾರ್ತಿ ಕ್ರಿಸ್ಟೀನ್ ಸಿಂಕ್ಲೇರ್ ಅಂದ್ರೆ 190 ಗೋಲು, ಅದು ಬಿಟ್ರೆ ಇನ್ನೇನಿದೆ ಅಂತ ಕೇಳಿದ್ಯಲ್ಲ, ಅದಕ್ಕೇ ಇಷ್ಟುದ್ದ ಬರೀತಿದೀನಿ. ಆ 190 ಸಣ್ಣದೇನಲ್ಲ ಕಣೋ, ದೇಶದ ಪರ ಅಷ್ಟು ಗೋಲು ಹೊಡೆದೋರು ಹೆಂಗಸರಲ್ಲೂ ಇಲ್ಲ ಗಂಡಸರಲ್ಲೂ ಇಲ್ಲ. 16ನೇ ವಯಸ್ಸಿಗೆ ಕೆನಡಾ ಟೀಮಿಗೆ ಬಂದೋಳು 2023ರ ಡಿಸೆಂಬರ್‌ವರೆಗೂ ಆಡಿದ್ಲು, 331 ಮ್ಯಾಚು, ಐದು ವರ್ಲ್ಡ್ ಕಪ್ಪಲ್ಲೂ ಗೋಲು.

ಆದ್ರೆ ನನಗೆ ಅವಳು ಅಂದ್ರೆ ಮೊದಲು ನೆನಪಾಗೋದು ಅವಳು ತಾನು ಹೊಡೀದೇ ಬೇರೆಯವರಿಗೆ ಬಿಟ್ಟುಕೊಟ್ಟ ಪೆನಾಲ್ಟಿಗಳು.

2012ರ ಒಲಿಂಪಿಕ್ಸ್ ಸೆಮಿಫೈನಲ್ ನೆನಪಿದ್ಯಾ, ಓಲ್ಡ್ ಟ್ರಾಫರ್ಡಲ್ಲಿ ಅಮೆರಿಕದ ಮೇಲೆ ಒಬ್ಬಳೇ ಮೂರು ಗೋಲು ಹೊಡೆದ್ಲು, ಮೂರು ಸಲ ಲೀಡ್ ಕೊಟ್ಲು, ಮೂರು ಸಲಾನೂ ಅವರು ಸಮ ಮಾಡಿದ್ರು, ಕೆನಡಾ ಕೀಪರ್ ಬಾಲನ್ನ ಜಾಸ್ತಿ ಹೊತ್ತು ಹಿಡ್ಕೊಂಡ್ಲು ಅಂತ ರೆಫರಿ ಫ್ರೀ ಕಿಕ್ ಕೊಟ್ರು, ಅದ್ರಿಂದ ಅಮೆರಿಕಕ್ಕೆ ಪೆನಾಲ್ಟಿ, ಕೊನೆಗೆ 123ನೇ ನಿಮಿಷದಲ್ಲಿ ಅಲೆಕ್ಸ್ ಮಾರ್ಗನ್ ಹೆಡರ್, 4-3. ಇವತ್ತಿಗೂ ನನಗೆ ಆ ಮ್ಯಾಚ್ ಪೂರ್ತಿ ನೋಡೋಕಾಗಲ್ಲ. ಆಮೇಲೆ ಫ್ರಾನ್ಸನ್ನ ಸೋಲಿಸಿ ಕಂಚು ತಗೊಂಡ್ರು.

2019ರ ವರ್ಲ್ಡ್ ಕಪ್, ಪ್ಯಾರಿಸ್, ಸ್ವೀಡನ್ ಮೇಲೆ 0-1 ಹಿಂದೆ. ಕೆನಡಾಗೆ ಪೆನಾಲ್ಟಿ ಸಿಕ್ತು. ಕ್ಯಾಪ್ಟನ್ ಸಿಂಕ್ಲೇರೇ ಹೊಡೀತಾಳೆ ಅಂದ್ಕೊಂಡ್ರೆ ಬಾಲ್ ಜೊತೆ ಆಟಗಾರ್ತಿ ಜನೀನ್ ಬೆಕಿಗೆ ಕೊಟ್ಲು. ಕೀಪರ್ ಹೆಡ್ವಿಗ್ ಲಿಂಡಾಲ್ ಹಾರಿ ತಡೆದ್ಲು, ಕೆನಡಾ ಮನೆಗೆ ಹೋಯ್ತು. ಅಷ್ಟಾದ್ಮೇಲೆ ಇನ್ಯಾರಾದ್ರೂ ಆಗಿದ್ರೆ ಮುಂದೆ ಬಾಲ್ ಬಿಡ್ತಾನೇ ಇರ್ಲಿಲ್ಲ ಅನ್ಸುತ್ತೆ ನನಗೆ.

2021ರಲ್ಲಿ ಟೋಕಿಯೋ ಒಲಿಂಪಿಕ್ಸಲ್ಲಿ ಬ್ರೆಜಿಲ್ ಜೊತೆ ಕ್ವಾರ್ಟರ್‌ಫೈನಲ್ ಪೆನಾಲ್ಟಿ ಶೂಟೌಟಿಗೆ ಹೋಯ್ತು, ಮೊದಲ ಕಿಕ್ ಸಿಂಕ್ಲೇರ್‌ದ್ದೇ, ಅದೂ ಸೇವ್ ಆಯ್ತು, ಕೆನಡಾ ಕೀಪರ್ ಸ್ಟೆಫನಿ ಲಬ್ಬೆ ಕೊನೇ ಎರಡು ತಡೆದಿದ್ದಕ್ಕೆ ಟೀಮ್ ಉಳ್ಕೊಂತು. ಸೆಮಿಫೈನಲಲ್ಲಿ ಮತ್ತೆ ಅದೇ ಅಮೆರಿಕ. 74ನೇ ನಿಮಿಷ, ಪೆನಾಲ್ಟಿ. ಬಾಲ್ ಎತ್ಕೊಂಡ್ಲು, ಒಂಬತ್ತು ವರ್ಷದ ಲೆಕ್ಕ ತೀರಿಸೋ ಹೊತ್ತು ಅದು, ಸೀದಾ ಹೋಗಿ 23 ವರ್ಷದ ಜೆಸ್ಸಿ ಫ್ಲೆಮಿಂಗ್ ಕೈಗೆ ಕೊಟ್ಲು. ಗೋಲು. 1-0. ಅಮೆರಿಕದ ಮೇಲೆ ಕೆನಡಾ ಗೆದ್ದು 20 ವರ್ಷ ಆಗಿತ್ತು!

ಫೈನಲಲ್ಲಿ ಎದುರಿಗೆ ಯಾರು ಗೊತ್ತಾ? ಸ್ವೀಡನ್, ಗೋಲಲ್ಲಿ ಅದೇ ಲಿಂಡಾಲ್. ಈ ಸಲ ಬಾಕ್ಸಲ್ಲಿ ಬಿದ್ದು ಪೆನಾಲ್ಟಿ ತಂದಿದ್ದೇ ಸಿಂಕ್ಲೇರ್, ಹೊಡೆದಿದ್ದು ಮತ್ತೆ ಫ್ಲೆಮಿಂಗ್. 1-1 ಆಯ್ತು, 86ನೇ ನಿಮಿಷಕ್ಕೆ ಸಿಂಕ್ಲೇರ್‌ನ ಹೊರಗೆ ಕರೆಸ್ಕೊಂಡ್ರು, ಶೂಟೌಟಲ್ಲಿ ಜೂಲಿಯಾ ಗ್ರೋಸೋ ಕೊನೇ ಕಿಕ್ ಹೊಡೆದು ಚಿನ್ನ ತಂದಾಗ 38 ವರ್ಷದ ಕ್ಯಾಪ್ಟನ್ ಸೈಡ್‌ಲೈನಲ್ಲಿ ನಿಂತಿದ್ಲು.

ಇನ್ನೊಂದು. ಅವಳು ಆಡ್ತಿದ್ದ ಅಷ್ಟೂ ವರ್ಷ ಅವಳ ದೇಶದಲ್ಲಿ ಹೆಂಗಸರಿಗೆ ಪ್ರೊಫೆಷನಲ್ ಲೀಗೇ ಇರ್ಲಿಲ್ಲ, ಅಮೆರಿಕದ ಪೋರ್ಟ್‌ಲ್ಯಾಂಡಲ್ಲಿ ಆಡಿ ಮೂರು ಟೈಟಲ್ ಗೆದ್ಲು. 2025ರಲ್ಲಿ ಕೆನಡಾದಲ್ಲೂ ಲೀಗ್ ಶುರುವಾಯ್ತು, ಅದನ್ನ ಕಟ್ಟಿದ್ದು ಡಯಾನಾ ಮ್ಯಾಥೆಸನ್, 2012ರಲ್ಲಿ ಆ ಕಂಚಿನ ಗೋಲು ಹೊಡೆದೋಳೇ. ವ್ಯಾಂಕೂವರ್ ಟೀಮಿನ ಮಾಲೀಕರಲ್ಲಿ ಸಿಂಕ್ಲೇರೂ ಇದಾಳೆ.

ಟೈಮ್ ಸಿಕ್ಕಾಗ ಆ ಟೋಕಿಯೋ ಸೆಮಿಫೈನಲ್ ಕ್ಲಿಪ್ ನೋಡೋ. ಗೋಲಿಗೆ ಮುಂಚೆ ಸ್ವಲ್ಪ ಹಿಂದಕ್ಕೆ ಹಾಕು, ಬಾಲ್ ಇನ್ನೂ ಸಿಂಕ್ಲೇರ್ ಕೈಯಲ್ಲಿರುತ್ತೆ, ಅಲ್ಲಿಂದ ನೋಡು. ನೋಡಿ ಫೋನ್ ಮಾಡು.

ನಿನ್ನ ಗೆಳೆಯ