ಅವಮಾನಕ್ಕೆ ಸಂಸ್ಕೃತಿಯ ನೆಪ ಬೇಡ

ಮಾನ್ಯರೇ,

ಮಹಿಳೆಯರಿಗೆ ಮೊದಲ ಬಾರಿ ನೀಡಲಾದ ಬ್ಯಾಲನ್ ಡಿ'ಓರ್ ಫುಟ್‌ಬಾಲ್ ಪ್ರಶಸ್ತಿಯನ್ನು 2018ರಲ್ಲಿ ನಾರ್ವೆಯ ಅದಾ ಹೆಗರ್‌ಬರ್ಗ್ ಪಡೆದರು. ಪ್ಯಾರಿಸ್‌ನ ಆ ವೇದಿಕೆಯಲ್ಲೇ ನಿರೂಪಕ ಆಕೆಯನ್ನು ಕೇಳಿದ್ದು, ಸೊಂಟ ಕುಣಿಸಲು ಬರುತ್ತದೆಯೇ ಎಂದು! 'ಇಲ್ಲ' ಎಂದಷ್ಟೇ ಹೇಳಿ ಆಕೆ ಹೊರಡಲು ತಿರುಗಿದರು.

ಇಂಥದ್ದು ನಡೆದಾಗಲೆಲ್ಲ 'ಅವರ ಸಂಸ್ಕೃತಿಯಲ್ಲಿ ಇದು ತಮಾಷೆ' ಎಂಬ ಸಮರ್ಥನೆ ಬರುತ್ತದೆ. ಇದನ್ನು ಒಪ್ಪಲಾಗದು. ಉಡುಪು, ವಂದಿಸುವ ರೀತಿ ಬೇರೆಯಿರಬಹುದು. ಗೆದ್ದ ಗಂಡಸಿಗೆ ಕೇಳದ ಪ್ರಶ್ನೆಯನ್ನು ಗೆದ್ದ ಹೆಣ್ಣಿಗೆ ಕೇಳುವುದು ಎಲ್ಲಿಯೂ ಅವಮಾನವೇ. ಅದನ್ನು ವಿರೋಧಿಸುವ ಆಯಾ ನಾಡಿನ ಹೆಣ್ಣುಮಕ್ಕಳು ಆ ಸಂಸ್ಕೃತಿಗೆ ಸೇರಿದವರಲ್ಲವೇ? ಹೆಣ್ಣನ್ನು ಕೀಳಾಗಿ ಕಾಣುವ ರೂಢಿಗಳನ್ನು ಬದಲಿಸಬೇಕೆಂದು ವಿಶ್ವಸಂಸ್ಥೆಯ 1979ರ ಒಡಂಬಡಿಕೆಯೇ ಹೇಳುತ್ತದೆ. ಸಮಾರಂಭಗಳ ಆಯೋಜಕರು ನಿರೂಪಕರಿಗೆ ಇದನ್ನು ಮೊದಲೇ ತಿಳಿಹೇಳಲಿ.

– ಓದುಗರೊಬ್ಬರು