ಷರಾ ಕಾಲಂ

ಪ್ರೀತಿಯ ಪುಟ್ಟೀ,

ಮೊನ್ನೆ ರಾತ್ರಿ ಫೋನಿನಲ್ಲಿ ನಾನು ಕೂಗಾಡಿದ್ದು ಪಕ್ಕದ ಭಟ್ಟರ ಮನೆಗೂ ಕೇಳಿಸಿತಂತೆ. ಬೇಜಾರು ಮಾಡ್ಕೋಬೇಡ. ಕೊಂಕಣಿಯಲ್ಲಿ ಶುರು ಮಾಡಿದರೆ ನಮ್ಮಿಬ್ಬರದು ಜಗಳಕ್ಕೇ ಹೋಗಿ ನಿಲ್ಲುತ್ತೆ, ಅದಕ್ಕೇ ಕನ್ನಡದಲ್ಲಿ ಬರೀತಿದೀನಿ.

ತೆರಿಗೆ ಉಳಿಸೋಕೆ ಫಾರಂನಲ್ಲಿ ಧರ್ಮ ಇಲ್ಲ ಅಂತ ಬರೀತೀನಿ ಅನ್ನೋ ನಿನ್ನ ಲೆಕ್ಕ ನನಗೆ ಅರ್ಥವಾಗದೆ ಇಲ್ಲ. ಜರ್ಮನಿಯಲ್ಲಿ ವಿಳಾಸ ನೋಂದಾಯಿಸುವಾಗ ಧರ್ಮ ಕೇಳ್ತಾರೆ, ಕ್ಯಾಥೊಲಿಕ್ ಅಂತ ಬರೆದರೆ ಸಂಬಳದಲ್ಲೇ ಚರ್ಚ್ ತೆರಿಗೆ ಹಿಡೀತಾರೆ. ಆದರೆ ನೀನಂದ ಹಾಗೆ ಸಂಬಳದ 9 ಪರ್ಸೆಂಟ್ ಅಲ್ಲ ಮಾರಾಯ್ತಿ. ಆದಾಯ ತೆರಿಗೆ ಎಷ್ಟು ಬೀಳುತ್ತೋ ಅದರ ಮೇಲೆ 9, ಬವೇರಿಯಾ ಕಡೆಗೆ 8. ನೂರು ಯೂರೋ ತೆರಿಗೆ ಇದ್ದರೆ ಒಂಬತ್ತು ಯೂರೋ, ಅಷ್ಟೇ. ಸಾಲದ ಕಂತು ನಿನ್ನ ತಲೆ ಮೇಲಿದೆ, ಗೊತ್ತು. ಅದನ್ನು ಕಟ್ಟೋಕೆ ಈ ವರ್ಷದ ಅಡಿಕೆಯೂ ಇದೆ, ಕೊಳೆ ರೋಗ ಉಳಿಸಿದರೆ.

ನೀನು ಕೇಳಿದ ಜ್ಞಾನಸ್ನಾನದ ಸರ್ಟಿಫಿಕೇಟಿಗೆ ಶನಿವಾರ ಇಗರ್ಜಿಗೆ ಹೋಗಿದ್ದೆ. ಫಾದರ್ ಕಪಾಟಿನಿಂದ ದೊಡ್ಡ ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು. ಮಳೆಗಾಲದ ತಂಡಿಗೆ ಹಾಳೆಗಳು ಒಂದಕ್ಕೊಂದು ಅಂಟಿಕೊಂಡು ಬರ್ತಿದ್ವು. ನಿನ್ನ ಸಾಲು ಸಿಕ್ಕಿತು. ಹೆಸರು, ಅಪ್ಪ ಅಮ್ಮ, ಜ್ಞಾನತಂದೆ, ಜ್ಞಾನತಾಯಿ, ಕೊನೆಗೆ ಷರಾ ಕಾಲಂ. ಅದರಲ್ಲಿ ನಿನ್ನ ದೃಢೀಕರಣ ಸಂಸ್ಕಾರದ ಒಂದು ಗೆರೆ, ಉಳಿದದ್ದು ಖಾಲಿ. ನನ್ನ ಷರಾದಲ್ಲಿ ನಿಮ್ಮಮ್ಮನ ಹೆಸರಿದೆ, ಮದುವೆಯ ತಾರೀಕಿದೆ. ನಿನ್ನ ಅತ್ತೆಯ ಮದುವೆ ಮುಂಬೈಯಲ್ಲಾದಾಗ ಅಲ್ಲಿಂದ ಕಾಗದ ಬಂದು ಅವಳದ್ದೂ ಇಲ್ಲೇ ಏರಿತು. ಜ್ಞಾನಸ್ನಾನ ಆದ ಊರಿಗೆ ತಿಳಿಸಲೇಬೇಕು, ಧರ್ಮಸಭೆಯ ಕಾನೂನೇ ಹಾಗೆ. ಮದುವೆಯಾದರೂ, ಗುರುಪಟ್ಟವಾದರೂ, ಕಾನ್ವೆಂಟ್ ಸೇರಿ ಕೊನೆಯ ವ್ರತ ತಗೊಂಡರೂ ಆ ಕಾಲಮ್ಮಿಗೇ ಬರಬೇಕು.

ಜರ್ಮನಿಯಲ್ಲಿ ಧರ್ಮಸಭೆ ಬಿಟ್ಟವರ ವಿಷಯವನ್ನೂ ಜ್ಞಾನಸ್ನಾನದ ಪುಸ್ತಕದಲ್ಲೇ ಬರೀತಾರಂತೆ. ಅಂಥ ಒಂದು ಕಾಗದ ಇಲ್ಲಿಗೆ ಬಂದು, ಫಾದರ್ ಕನ್ನಡಕ ಏರಿಸಿ, ನಿನ್ನ ಷರಾ ಹುಡುಕಿ ಪೆನ್ನು ಊರೋದು... ಮಲಗಿದರೆ ಇದೇ ಕಣ್ಣ ಮುಂದೆ ಬರುತ್ತೆ. ನಿಮ್ಮಮ್ಮನಿಗೆ ಹೇಳಿಲ್ಲ.

ಹಿಂದಿನ ಪುಸ್ತಕವನ್ನೂ ತೆಗೆಸಿ ನೋಡಿದೆ. ಅದೆಲ್ಲ ಲ್ಯಾಟಿನ್. ನಿನ್ನಜ್ಜನ ಹೆಸರು ಜೋಸೆಫಸ್ ಅಂತಿದೆ! ಊರೆಲ್ಲ ಜೂಜೆ ಅಂತ ಕರೆದ ಮನುಷ್ಯ, ಬಾಯಲ್ಲಿ ಸದಾ ಕವಳ. ಅವನು ಹುಟ್ಟಿದಾಗ ನಾವು ಮೈಸೂರು ಧರ್ಮಪ್ರಾಂತ್ಯ, ಅಂದರೆ ಮೈಸೂರು ಬಿಷಪ್ಪರ ಕೆಳಗೆ. 1963 ರಲ್ಲಿ ಚಿಕ್ಕಮಗಳೂರು ಬೇರೆಯಾಯ್ತು, ನನ್ನ ಸರ್ಟಿಫಿಕೇಟಿನ ಮೇಲೆ ಅದೇ ಹೆಸರು. 1988 ರಲ್ಲಿ ಶಿವಮೊಗ್ಗ ಆಯ್ತು, ನಿನ್ನದರ ಮೇಲೆ ಶಿವಮೊಗ್ಗ. ನಾವು ಮೂವರೂ ತಲೆಗೆ ನೀರು ಹಾಕಿಸಿಕೊಂಡದ್ದು ಮಾತ್ರ ಅದೇ ಕಲ್ಲಿನ ತೊಟ್ಟಿಯ ಹತ್ತಿರ. ಇಷ್ಟೆಲ್ಲ ಆದಮೇಲೆ ನಿನ್ನ ಷರಾದಲ್ಲಿ...

ಸರಿ, ಮತ್ತೆ ಅಲ್ಲಿಗೇ ಬಂದೆ.

ನಾನು ಹೇಳೋದು ಇಷ್ಟು. ನಂಬಿಕೆಯೇ ಹೋಗಿದ್ದರೆ ಹಾಗೇ ಬರಿ, ನಾನು ತಡೆಯಲ್ಲ, ಬೇಯುತ್ತೇನೆ ಅಷ್ಟೆ. ಆದರೆ ನಂಬಿಕೆ ಇಟ್ಟುಕೊಂಡು ದುಡ್ಡಿಗಾಗಿ ಇಲ್ಲ ಅಂತ ಬರೆಯೋದು ನಮ್ಮ ಮನೆಯ ಪದ್ಧತಿ ಅಲ್ಲ. ಫಾರಂ ಪೂರ್ತಿ ಓದದೆ ಸಹಿ ಹಾಕಬೇಡ. ಏಜೆನ್ಸಿಯವರ ಮಾತು ನಂಬಬೇಡ. ಒರಿಜಿನಲ್ ಯಾರ ಕೈಗೂ ಕೊಡಬೇಡ. ನೈಟ್ ಡ್ಯೂಟಿಗೆ ಹಸಿದುಕೊಂಡು ಹೋಗಬೇಡ. ಬೇಡ, ಬೇಡ ಅಂತಲೇ ಆಯ್ತು. ನೀನು ಜರ್ಮನ್ ಭಾಷೆಯ ಬಿ2 ಪರೀಕ್ಷೆ ಪಾಸಾದ ದಿನ ಸೊಸೈಟಿಯಲ್ಲಿ ಅಡಿಕೆ ತೂಕಕ್ಕೆ ನಿಂತವರಿಗೆಲ್ಲ ಹೇಳಿಕೊಂಡು ಬಂದವನೂ ನಾನೇ ಕಣೇ.

ಸೆಪ್ಟೆಂಬರ್ 8 ರ ಮೋಂತಿ ಹಬ್ಬಕ್ಕೆ, ಹೊಸ ತೆನೆ ಆಶೀರ್ವದಿಸೋ ದಿನಕ್ಕೆ, ನೀನು ಇರಲ್ಲ. ನಮ್ಮ ಗದ್ದೆಯಲ್ಲಿ ಆಗಿನ್ನೂ ತೆನೆ ಒಡೆದಿರಲ್ಲ, ಈ ಸಲವೂ ಘಟ್ಟದ ಕೆಳಗಿಂದ ಬಸ್ಸಿನಲ್ಲಿ ತರಿಸ್ತಾರಂತೆ. ಆಶೀರ್ವಾದ ಆದಮೇಲೆ ನಿನ್ನ ಪಾಲಿನ ತೆನೆ ಲಕೋಟೆಯಲ್ಲಿ ಹಾಕಿ ಕಳಿಸೋಣ ಅಂತ ನಿಮ್ಮಮ್ಮ ಅಂದಳು. ಕಾಳು ಅಂದರೆ ಅಲ್ಲಿಯ ಕಸ್ಟಮ್ಸ್‌ನವರು ಬಿಡ್ತಾರೋ ಇಲ್ಲವೋ, ವಿಚಾರಿಸಿ ಹೇಳು.

ಸರ್ಟಿಫಿಕೇಟ್ ಎರಡು ಪ್ರತಿ ಇದರ ಜೊತೆಗಿದೆ. ಫಾರಂನಲ್ಲಿ ಏನು ಬರೆದೆ ಅಂತ ಫೋನಿನಲ್ಲಿ ಹೇಳಬೇಡ, ನಿಮ್ಮಮ್ಮ ಸ್ಪೀಕರ್ ಹಾಕಿರ್ತಾಳೆ. ನನಗೆ ಬೇರೆ ಮೆಸೇಜ್ ಹಾಕು.

ಪಪ್ಪಾ